ಹೈಬ್ರಿಡ್ ಸರ್ವರ್ ಏಜೆಂಟ್‌ಗಳಲ್ಲಿ ಪ್ರಿವಿಲೇಜ್ ಎಸ್ಕಲೇಶನ್ ಹುಡುಕುವ ಬಗೆ: ನನ್ನ ಅನುಭವ

ಸ್ವಂತ ಡೇಟಾ ಸೆಂಟರ್‌ನಲ್ಲಿರುವ ಸರ್ವರನ್ನು ಕ್ಲೌಡ್ ಪೋರ್ಟಲ್‌ನಿಂದ ನೋಡಿಕೊಳ್ಳಬೇಕೆಂದರೆ ಅದರ ಮೇಲೆ ಒಂದು ಏಜೆಂಟ್, ಅಂದರೆ ಕ್ಲೌಡ್ ಹೇಳಿದ್ದನ್ನು ಅಲ್ಲಿ ನಡೆಸುವ ಪ್ರೋಗ್ರಾಂ, ಕೂರಿಸಲೇಬೇಕು. ಮೈಕ್ರೋಸಾಫ್ಟ್‌ನ ಅಜೂರ್ ಆರ್ಕ್‌ನಲ್ಲಿ ಅದು ಕನೆಕ್ಟೆಡ್ ಮೆಷಿನ್ ಏಜೆಂಟ್, ಅಮೆಜಾನ್‌ನ ಎಡಬ್ಲ್ಯೂಎಸ್‌ನಲ್ಲಿ ಎಸ್‌ಎಸ್‌ಎಂ ಏಜೆಂಟ್. ಇವುಗಳಲ್ಲಿ ಪ್ರಿವಿಲೇಜ್ ಎಸ್ಕಲೇಶನ್, ಅಂದರೆ ತನಗಿರುವುದಕ್ಕಿಂತ ಹೆಚ್ಚಿನ ಅಧಿಕಾರ ಗಿಟ್ಟಿಸಿಕೊಳ್ಳುವ ದೋಷ, ಇದೆಯೇ ಎಂದು ಪರಿಶೀಲಿಸುವಾಗ ನಾನು ಮೂರು ದಾರಿಗಳನ್ನು ಬೇರೆಬೇರೆಯಾಗಿ ನೋಡುತ್ತೇನೆ. ಸರ್ವರ್‌ಗೆ ಲಾಗಿನ್ ಆದ ಸಾಮಾನ್ಯ ಬಳಕೆದಾರ ಏಜೆಂಟ್ ಹಿಡಿದು ಸಿಸ್ಟಮ್ ಅಥವಾ ರೂಟ್ (ವಿಂಡೋಸ್ ಮತ್ತು ಲಿನಕ್ಸ್‌ನ ಅತಿ ಹೆಚ್ಚು ಅಧಿಕಾರದ ಖಾತೆಗಳು) ಆಗುವುದು ಮೊದಲನೆಯದು. ಸರ್ವರ್‌ನೊಳಗಿನಿಂದ ಟೋಕನ್ (ಕ್ಲೌಡ್‌ಗೆ ಗುರುತು ತೋರಿಸುವ ತಾತ್ಕಾಲಿಕ ಚೀಟಿ) ಎತ್ತಿಕೊಂಡು ಕ್ಲೌಡ್‌ಗೆ ಏರುವುದು ಎರಡನೆಯದು. ಕ್ಲೌಡ್‌ನಲ್ಲಿ ಮಧ್ಯಮ ಅಧಿಕಾರ ಇರುವವನು ಅಲ್ಲಿಂದ ಸರ್ವರ್‌ನ ಪೂರ್ತಿ ಒಡೆಯನಾಗುವುದು ಮೂರನೆಯದು. ಮೊದಲನೆಯದಕ್ಕೆ ಸಿವಿಇ ಸಂಖ್ಯೆ (ಬಹಿರಂಗವಾದ ದೋಷಕ್ಕೆ ಕೊಡುವ ಗುರುತು) ಸಿಗುತ್ತದೆ, ಪ್ಯಾಚ್ ಬರುತ್ತದೆ. ಮೂರನೆಯದಕ್ಕೆ ಎರಡೂ ಇಲ್ಲ, ಏಕೆಂದರೆ ಉತ್ಪನ್ನವನ್ನು ಮಾಡಿರುವುದೇ ಹಾಗೆ. ನನ್ನ ಲೆಕ್ಕದಲ್ಲಿ ಹೆಚ್ಚು ಅಪಾಯ ಇರುವುದೂ ಅಲ್ಲೇ.

ಕೆಲಸ ಶುರುವಾಗುವುದು ಸ್ನ್ಯಾಪ್‌ಶಾಟ್ (ಬೇಕೆಂದಾಗ ಮರಳಬಹುದಾದ ಸ್ಥಿತಿಯ ಪ್ರತಿ) ತೆಗೆದಿಟ್ಟ ಟೆಸ್ಟ್ ವಿಎಂನಲ್ಲಿ, ಅಂದರೆ ವರ್ಚುವಲ್ ಯಂತ್ರದಲ್ಲಿ. ಅದರಲ್ಲಿ ಯಾವ ಅಡ್ಮಿನ್ ಗುಂಪಿಗೂ ಸೇರದ ಒಬ್ಬ ಬಳಕೆದಾರ ಇರಬೇಕು. ಏಜೆಂಟ್ ಹಾಕುವ ಮುಂಚೆ ಒಂದು ಸ್ನ್ಯಾಪ್‌ಶಾಟ್, ಹಾಕಿದ ಮೇಲೆ ಇನ್ನೊಂದು. ಮೊದಲನೆಯದು ಯಾಕೆಂದರೆ, ಇನ್‌ಸ್ಟಾಲ್ ಆಗುವ ಹೊತ್ತಿನಲ್ಲಷ್ಟೇ ತೆರೆದುಕೊಳ್ಳುವ ದೋಷಗಳು ಆಮೇಲೆ ಎಷ್ಟು ಹುಡುಕಿದರೂ ಕಾಣುವುದಿಲ್ಲ.

ಮೊದಲು ಯಾವ ಸರ್ವಿಸ್ ಯಾವ ಖಾತೆಯಲ್ಲಿ ಓಡುತ್ತಿದೆ ಎಂದು ಬರೆದುಕೊಳ್ಳುತ್ತೇನೆ. ಆರ್ಕ್ ಏಜೆಂಟ್‌ನಲ್ಲಿ ಮುಖ್ಯ ಸರ್ವಿಸ್‌ಗಳು ಮೂರು. ಗುರುತು ಮತ್ತು ಸಂಪರ್ಕ ನೋಡಿಕೊಳ್ಳುವ ಹಿಮ್ಡ್ಸ್ ತನ್ನದೇ ವರ್ಚುವಲ್ ಖಾತೆಯಲ್ಲಿ, ಅಂದರೆ ಕಡಿಮೆ ಅಧಿಕಾರದಲ್ಲಿ ಓಡುತ್ತದೆ. ಸೆಟ್ಟಿಂಗ್‌ಗಳು ನಿಯಮದಂತಿವೆಯೇ ಎಂದು ನೋಡುವ ಗೆಸ್ಟ್ ಕಾನ್ಫಿಗರೇಶನ್ ಮತ್ತು ಕ್ಲೌಡ್‌ನಿಂದ ಬರುವ ಹೆಚ್ಚುವರಿ ಪ್ರೋಗ್ರಾಂಗಳನ್ನು ಹಾಕುವ ಎಕ್ಸ್‌ಟೆನ್ಶನ್ ಸರ್ವಿಸ್‌ಗಳು ಲೋಕಲ್ ಸಿಸ್ಟಮ್ ಆಗಿ, ಲಿನಕ್ಸ್‌ನಲ್ಲಾದರೆ ರೂಟ್ ಆಗಿ ಓಡುತ್ತವೆ. ಹಾಗಾಗಿ ಹುಡುಕಾಟದ ಹೆಚ್ಚಿನ ಸಮಯ ಈ ಕೊನೆಯ ಎರಡಕ್ಕೆ ಮೀಸಲು.

ವಿಂಡೋಸ್‌ನಲ್ಲಿ ಮತ್ತೆಮತ್ತೆ ಸಿಗುವ ದೋಷದ ಬೇರು ಪ್ರೋಗ್ರಾಂಗಳು ತಮ್ಮ ಡೇಟಾ ಇಡುವ ಪ್ರೋಗ್ರಾಮ್‌ಡೇಟಾ ಫೋಲ್ಡರ್. ಅದರ ಮೇಲೆ ಅನುಮತಿ ತೋರಿಸುವ ಐಕ್ಯಾಕಲ್ಸ್ ಆಜ್ಞೆ ಓಡಿಸಿ ನೋಡಿ: ಯೂಸರ್ಸ್ ಗುಂಪಿನ ಎದುರು ಓದುವ ಅನುಮತಿಯ ಜೊತೆಗೆ ಡಬ್ಲ್ಯೂಡಿ, ಎಡಿ ಎಂಬ ಅಕ್ಷರಗಳೂ ಇರುತ್ತವೆ. ಫೋಲ್ಡರ್‌ಗೆ ಸಂಬಂಧಿಸಿದಂತೆ ಮೊದಲನೆಯದು ಹೊಸ ಫೈಲ್ ಹಾಕುವ ಅನುಮತಿ, ಎರಡನೆಯದು ಒಳಫೋಲ್ಡರ್ ಮಾಡುವ ಅನುಮತಿ. ಒಳಗೆ ಯಾರೇ ಫೋಲ್ಡರ್ ಮಾಡಿದರೂ ಈ ಅನುಮತಿ ಇಳಿದು ಬರುತ್ತದೆ. ಮಾಡಿದವನಿಗೆ ಕ್ರಿಯೇಟರ್ ಓನರ್ ಲೆಕ್ಕದಲ್ಲಿ ಪೂರ್ಣ ಹಕ್ಕೂ ಸಿಗುತ್ತದೆ. ಇದರಿಂದ ಎರಡು ಸಾಧ್ಯತೆ ಹುಟ್ಟುತ್ತವೆ. ಇನ್‌ಸ್ಟಾಲರ್ ತನ್ನ ಫೋಲ್ಡರ್ ಮಾಡಿ ಅನುಮತಿಯನ್ನು ಬಿಗಿ ಮಾಡದಿದ್ದರೆ, ಸಾಮಾನ್ಯ ಬಳಕೆದಾರ ಅದರೊಳಗೆ ಡಿಎಲ್‌ಎಲ್ (ಪ್ರೋಗ್ರಾಂ ಲೋಡ್ ಮಾಡಿಕೊಂಡು ಓಡಿಸುವ ಕೋಡ್ ಫೈಲ್) ಇಡಬಹುದು. ಇನ್‌ಸ್ಟಾಲರ್ ಬಿಗಿ ಮಾಡುತ್ತದಾದರೂ, ಬಳಕೆದಾರ ಅದೇ ಹೆಸರಿನ ಫೋಲ್ಡರನ್ನು ಮುಂಚೆಯೇ ಮಾಡಿಟ್ಟುಕೊಂಡಿದ್ದರೆ ಒಡೆತನ ಅವನದೇ ಉಳಿಯಬಹುದು. ಒಡೆಯ ಅನುಮತಿಯನ್ನು ಯಾವಾಗ ಬೇಕಾದರೂ ತಿದ್ದಬಲ್ಲ. ಎರಡನೆಯದನ್ನು ಪರೀಕ್ಷಿಸುವವರು ಕಡಿಮೆ. ಮೊದಲ ಸ್ನ್ಯಾಪ್‌ಶಾಟ್ ಬೇಕಾಗುವುದು ಇದಕ್ಕೇ.

ಸರ್ವರ್ ನಿರ್ವಹಿಸುವ ಉಪಕರಣವಾದ ವಿಂಡೋಸ್ ಅಡ್ಮಿನ್ ಸೆಂಟರ್‌ನಲ್ಲಿ 2025ರಲ್ಲಿ ಹೊರಬಂದ ಸಿವಿಇ-2025-64669 ಇದೇ ಜಾತಿಯದು: ಪ್ರೋಗ್ರಾಮ್‌ಡೇಟಾ ಒಳಗಿನ ಅದರ ಫೋಲ್ಡರ್‌ಗೆ ಸಾಮಾನ್ಯ ಬಳಕೆದಾರರೂ ಬರೆಯಬಹುದಿತ್ತು, ಅದೇ ಜಾಗವನ್ನು ಹೆಚ್ಚಿನ ಅಧಿಕಾರದ ಪ್ರಕ್ರಿಯೆಗಳು ನಂಬಿಕೊಂಡಿದ್ದವು.

ಅನುಮತಿ ನೋಡಿದ ಮೇಲೆ, ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟುತ್ತಿದೆ ಎಂದು ತೋರಿಸುವ ಪ್ರಾಸೆಸ್ ಮಾನಿಟರ್. ಬಳಕೆದಾರ ಸಿಸ್ಟಮ್, ಹಾದಿ ಪ್ರೋಗ್ರಾಮ್‌ಡೇಟಾ ಅಥವಾ ವಿಂಡೋಸ್ ಟೆಂಪ್, ಇಷ್ಟು ಫಿಲ್ಟರ್ ಸಾಕು. ಸರ್ವಿಸ್ ಶುರುವಾಗುವ ಕ್ಷಣ ಬೇಕಿದ್ದರೆ ಬೂಟ್ ಲಾಗಿಂಗ್ ಆನ್ ಮಾಡಿ. ಸುಮ್ಮನೆ ಓಡುತ್ತಿರುವ ಏಜೆಂಟನ್ನು ನೋಡುತ್ತ ಕೂತರೆ ಏನೂ ಸಿಗುವುದಿಲ್ಲ. ಇನ್‌ಸ್ಟಾಲ್, ಅಪ್‌ಗ್ರೇಡ್, ರಿಪೇರಿ, ಎಕ್ಸ್‌ಟೆನ್ಶನ್ ಸೇರಿಸುವುದು, ತೆಗೆಯುವುದು, ಲಾಗ್ ಫೈಲ್ ತುಂಬಿ ಹೊಸದಕ್ಕೆ ಹೊರಳುವುದು, ಇಷ್ಟನ್ನೂ ಬೇಕೆಂದೇ ಮಾಡಿಸಬೇಕು. ಹುಡುಕುವುದು ಮೂರು ಗುರುತು. ಬಳಕೆದಾರ ಬರೆಯಬಲ್ಲ ಜಾಗದಲ್ಲಿ ಡಿಎಲ್‌ಎಲ್ ಹುಡುಕಿ ಸಿಗಲಿಲ್ಲ ಎಂಬ ಫಲಿತಾಂಶ. ಅಂಥದೇ ಜಾಗದಲ್ಲಿ ಸಿಸ್ಟಮ್ ಖಾತೆ ಒಂದು ಫೈಲನ್ನು ಅಳಿಸುವುದು. ಸಿಸ್ಟಮ್ ಒಂದು ಫೈಲಿನ ಅನುಮತಿಯನ್ನು ಬದಲಿಸುವುದು. ಕೊನೆಯ ಎರಡರಲ್ಲಿ ಫೋಲ್ಡರ್ ಜಾಗದಲ್ಲಿ ಜಂಕ್ಷನ್ (ಬೇರೆ ಫೋಲ್ಡರ್‌ಗೆ ತಿರುಗಿಸುವ ಲಿಂಕ್) ಇಟ್ಟು ಏಜೆಂಟನ್ನು ಬೇರೆ ಫೈಲಿನ ಕಡೆಗೆ ತಿರುಗಿಸಬಹುದೇ ಎಂಬುದು ಪ್ರಶ್ನೆ. ಬರೀ ಫೈಲ್ ಅಳಿಸುವ ದೋಷವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಂಡೋಸ್ ಇನ್‌ಸ್ಟಾಲರ್ ರೋಲ್‌ಬ್ಯಾಕ್ ಕಡತಗಳನ್ನು ಇಡುವ ಫೋಲ್ಡರನ್ನು ಅಳಿಸುವ ಮೂಲಕ ಅದನ್ನು ಸಿಸ್ಟಮ್ ಶೆಲ್‌ವರೆಗೆ ಒಯ್ಯುವ ತಂತ್ರ 2022ರಿಂದಲೂ ಎಲ್ಲರಿಗೂ ತಿಳಿದದ್ದೇ.

ಇಲ್ಲಿ ಸುಳ್ಳು ಸುಳಿವುಗಳು ರಾಶಿ ಬೀಳುತ್ತವೆ. ಸಿಗದ ಡಿಎಲ್‌ಎಲ್ ಸಿಸ್ಟಮ್32 ಒಳಗಿನದಾದರೆ ಅದು ದೋಷವೇ ಅಲ್ಲ, ಅಲ್ಲಿಗೆ ಬರೆಯಬಲ್ಲವನು ಆಗಲೇ ಅಡ್ಮಿನ್. ಘಟನೆಯ ವಿವರದಲ್ಲಿ ಇಂಪರ್ಸನೇಟಿಂಗ್ ಎಂಬ ಸಾಲು ಇದ್ದರೆ ಸರ್ವಿಸ್ ಆ ಕೆಲಸವನ್ನು ಬಳಕೆದಾರನ ಹೆಸರಿನಲ್ಲೇ ಮಾಡುತ್ತಿದೆ ಎಂದರ್ಥ. ಅಲ್ಲಿ ಸಿಗುವುದೇನೂ ಇಲ್ಲ. ಓಪನ್ ರೀಪಾರ್ಸ್ ಪಾಯಿಂಟ್ ಎಂಬ ಆಯ್ಕೆಯೊಂದಿಗೆ ಫೈಲ್ ತೆರೆದಿದ್ದರೆ ಕೊನೆಯ ಹೆಸರಿನ ಜಾಗದಲ್ಲಿಟ್ಟ ಲಿಂಕನ್ನು ಅದು ಹಿಂಬಾಲಿಸುವುದಿಲ್ಲ. ಆದರೆ ಹಾದಿಯ ನಡುವಿನ ಫೋಲ್ಡರ್‌ಗಳಿಗೆ ಆ ರಕ್ಷಣೆ ಇಲ್ಲ, ಅದನ್ನು ಬೇರೆಯಾಗಿ ನೋಡಬೇಕು.

ಲಿನಕ್ಸ್ ಕಡೆಗೆ ಎರಡು ಹಳೆಯ ಪ್ರಕರಣಗಳು ಇವತ್ತಿಗೂ ಪಾಠದಂತಿವೆ. 2021ರ ಸೆಪ್ಟೆಂಬರ್‌ನಲ್ಲಿ ವಿಜ್ ಸಂಸ್ಥೆಯ ಸಂಶೋಧಕರು ಬಯಲಿಗೆ ತಂದ ಓಮೈಗಾಡ್ ದೋಷಗಳು ಓಎಂಐ ಎಂಬ ನಿರ್ವಹಣಾ ಏಜೆಂಟ್‌ನಲ್ಲಿದ್ದವು. ಸಿವಿಇ-2021-38647ರಲ್ಲಿ ಕೋರಿಕೆಯಿಂದ ದೃಢೀಕರಣದ ಹೆಡರನ್ನೇ ತೆಗೆದು ಕಳಿಸಿದರೆ ಬಳಕೆದಾರನ ಯುಐಡಿ (ಲಿನಕ್ಸ್ ಕೊಡುವ ಗುರುತಿನ ಸಂಖ್ಯೆ) ಆರಂಭದ ಬೆಲೆಯಾದ 0ಯಲ್ಲೇ ಉಳಿಯುತ್ತಿತ್ತು. 0 ಎಂದರೆ ರೂಟ್. 5985, 5986, 1270 ಪೋರ್ಟ್‌ಗಳು ಹೊರಗೆ ತೆರೆದಿದ್ದರೆ ದೂರದಿಂದಲೇ ಕೆಲಸ ಮುಗಿಯುತ್ತಿತ್ತು, ಇಲ್ಲದಿದ್ದರೂ ಜೊತೆಗಿದ್ದ ಉಳಿದ ಮೂರು ದೋಷಗಳು ಸರ್ವರ್ ಒಳಗಿದ್ದವನನ್ನು ರೂಟ್ ಮಾಡುತ್ತಿದ್ದವು. 1.6.8-1 ಆವೃತ್ತಿಯಲ್ಲಿ ಸರಿಯಾಯಿತು. ಲಾಗ್ ಅನಲಿಟಿಕ್ಸ್‌ನಂಥ ಸೇವೆ ಆನ್ ಮಾಡಿದಾಗ ಓಎಂಐ ತಾನಾಗಿಯೇ ಬಂದು ಕೂರುತ್ತಿದ್ದರಿಂದ, ಅದು ತಮ್ಮ ಸರ್ವರ್‌ನಲ್ಲಿದೆ ಎಂಬುದೇ ಬಹಳ ಜನರಿಗೆ ಗೊತ್ತಿರಲಿಲ್ಲ. ಹಾಗಾಗಿ ಪ್ಯಾಕೇಜ್ ಪಟ್ಟಿ ತೆಗೆಯುವಾಗ ನಾನು ಏಜೆಂಟ್ ಮಾತ್ರವಲ್ಲ, ಎಕ್ಸ್‌ಟೆನ್ಶನ್‌ಗಳು ತಂದುಹಾಕಿದ್ದನ್ನೂ ಸೇರಿಸುತ್ತೇನೆ.

ಇನ್ನೊಂದು ಸಿವಿಇ-2022-29527. ಎಸ್‌ಎಸ್‌ಎಂ ಏಜೆಂಟ್ ತನ್ನ ಎಸ್‌ಎಸ್‌ಎಂ-ಯೂಸರ್ ಖಾತೆಗಾಗಿ ಸುಡೋಯರ್ಸ್ ಫೈಲ್ (ಯಾರು ರೂಟ್ ಆಗಿ ಆಜ್ಞೆ ಓಡಿಸಬಹುದೆಂಬ ಪಟ್ಟಿ) ಬರೆಯುತ್ತದೆ. 3.1.1208.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ಕೆಲವು ಸಂದರ್ಭಗಳಲ್ಲಿ, ಆ ಫೈಲಿಗೆ ಯಾರು ಬೇಕಾದರೂ ಬರೆಯುವಂತಿತ್ತು. ಸುಡೋಯರ್ಸ್ ಡೈರೆಕ್ಟರಿಯ ಪ್ರತಿ ಫೈಲಿನ ಅನುಮತಿ 0440 (ಒಡೆಯ ಮತ್ತು ಗುಂಪಿಗೆ ಓದುವುದಷ್ಟೇ) ಇದೆಯೇ ಎಂದು ನೋಡುವುದು ಒಂದು ನಿಮಿಷದ ಕೆಲಸ. ಹೈಬ್ರಿಡ್ ಆಗಿ ಸೇರಿಸಿದ ಯಂತ್ರಗಳಲ್ಲಿ ಎಸ್‌ಎಸ್‌ಎಂ ಏಜೆಂಟ್ ತನ್ನ ರೋಲ್‌ನ, ಅಂದರೆ ಕ್ಲೌಡ್‌ನಲ್ಲಿ ಅದಕ್ಕೆ ಕೊಟ್ಟ ಅಧಿಕಾರದ, ತಾತ್ಕಾಲಿಕ ಕೀಗಳನ್ನು ರೂಟ್‌ನ ಹೋಮ್ ಡೈರೆಕ್ಟರಿಯ ಕ್ರೆಡೆನ್ಶಿಯಲ್ಸ್ ಫೈಲಿನಲ್ಲಿ ಇಡುತ್ತದೆ ಎಂಬುದೂ ನೆನಪಿರಲಿ. ರೋಲ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಪಾಲಿಸಿ ಅಂಟಿಸಿದ್ದರೆ, ಒಂದು ಸರ್ವರ್‌ನಲ್ಲಿ ರೂಟ್ ಆದವನಿಗೆ ಕ್ಲೌಡ್ ಖಾತೆಯಲ್ಲೂ ಅಷ್ಟೇ ಕೈ ಸಿಗುತ್ತದೆ.

ಆರ್ಕ್‌ನಲ್ಲಿ ಟೋಕನ್ ಕೊಡುವ ಕ್ರಮ ತುಸು ಗಟ್ಟಿ. ಅಜೂರ್‌ನ ವಿಎಂನಲ್ಲಾದರೆ 169.254.169.254ಕ್ಕೆ ಯಾವ ಪ್ರಕ್ರಿಯೆ ಕೇಳಿದರೂ ಮ್ಯಾನೇಜ್ಡ್ ಐಡೆಂಟಿಟಿಯ, ಅಂದರೆ ಯಂತ್ರಕ್ಕೇ ಕ್ಲೌಡ್ ಕೊಟ್ಟ ಗುರುತಿನ, ಟೋಕನ್ ಬರುತ್ತದೆ. ಆರ್ಕ್ ಸರ್ವರ್‌ನಲ್ಲಿ ಲೋಕಲ್‌ಹೋಸ್ಟ್‌ನ 40342 ಪೋರ್ಟ್‌ಗೆ ಕೇಳಿದಾಗ ಮೊದಲು 401 (ದೃಢೀಕರಣ ಬೇಕೆಂಬ ಉತ್ತರ) ಬರುತ್ತದೆ, ಜೊತೆಗೆ ಒಂದು ಕೀ ಫೈಲಿನ ಹಾದಿ. ಆ ಫೈಲನ್ನು ಓದಿ ಅದರಲ್ಲಿದ್ದದ್ದನ್ನು ಹೆಡರ್‌ನಲ್ಲಿಟ್ಟು ಮತ್ತೆ ಕೇಳಿದರಷ್ಟೇ ಟೋಕನ್. ಅಂದರೆ ಇಡೀ ರಕ್ಷಣೆ ಆ ಟೋಕನ್ಸ್ ಫೋಲ್ಡರಿನ ಅನುಮತಿ ಮೇಲೆ ನಿಂತಿದೆ. ವಿಂಡೋಸ್‌ನಲ್ಲಿ ಅಡ್ಮಿನ್‌ಗಳು ಮತ್ತು ಹೈಬ್ರಿಡ್ ಏಜೆಂಟ್ ಎಕ್ಸ್‌ಟೆನ್ಶನ್ ಅಪ್ಲಿಕೇಶನ್ಸ್ ಎಂಬ ಗುಂಪು, ಲಿನಕ್ಸ್‌ನಲ್ಲಿ ಹಿಮ್ಡ್ಸ್ ಗುಂಪು ಅದನ್ನು ಓದಬಲ್ಲವು. ಯಾವುದೋ ಆಪ್‌ಗೆ ಟೋಕನ್ ಬೇಕೆಂದು ವೆಬ್ ಸರ್ವರ್ ಖಾತೆಯನ್ನು ಆ ಗುಂಪಿಗೆ ಸೇರಿಸಿ ಮರೆತಿರುವುದು ನನಗೆ ಹೆಚ್ಚಾಗಿ ಸಿಗುವ ತಪ್ಪು. ಆ ವೆಬ್ ಆಪ್‌ನಲ್ಲಿ ಒಂದು ತೂತು ಇದ್ದರೆ ಸಾಕು. ವಿಂಡೋಸ್‌ನಲ್ಲಿ ಗುಂಪಿಗೆ ಹೊಸ ಸದಸ್ಯ ಸೇರಿದ್ದನ್ನು ದಾಖಲಿಸುವ ಇವೆಂಟ್ 4732 ಈ ಗುಂಪಿಗೆ ಬಂದರೆ ಅಲರ್ಟ್ ಬರುವಂತೆ ಇಡಿ.

ಒಂದು ಎಚ್ಚರಿಕೆ: ಇದನ್ನೆಲ್ಲ ಓದಿ ಏಜೆಂಟ್ ಫೋಲ್ಡರಿನ ಅನುಮತಿಯನ್ನು ಸಿಸ್ಟಮ್ ಮತ್ತು ಅಡ್ಮಿನ್‌ಗೆ ಮಾತ್ರ ಎಂದು ಕೈಯಾರೆ ಕತ್ತರಿಸಿದರೆ ಹಿಮ್ಡ್ಸ್‌ನ ವರ್ಚುವಲ್ ಖಾತೆಯೂ ಹೊರಬೀಳುತ್ತದೆ. ಆಗ ಹಾರ್ಟ್‌ಬೀಟ್ ನಿಂತು ಪೋರ್ಟಲ್‌ನಲ್ಲಿ ಸರ್ವರ್ ಡಿಸ್‌ಕನೆಕ್ಟೆಡ್ ಎಂದು ಕಾಣುತ್ತದೆ. ತಿದ್ದುವ ಮುಂಚೆ ಐಕ್ಯಾಕಲ್ಸ್‌ನಿಂದಲೇ ಹಳೆಯ ಅನುಮತಿಯನ್ನು ಫೈಲಿಗೆ ಉಳಿಸಿಕೊಳ್ಳಿ.

ಇನ್ನು ಮೂರನೆಯ ದಾರಿ. ಕಸ್ಟಮ್ ಸ್ಕ್ರಿಪ್ಟ್ ಎಕ್ಸ್‌ಟೆನ್ಶನ್ ಎಂದರೆ ಪೋರ್ಟಲ್‌ನಿಂದ ಕಳಿಸಿದ ಸ್ಕ್ರಿಪ್ಟನ್ನು ಸಿಸ್ಟಮ್ ಅಥವಾ ರೂಟ್ ಆಗಿ ಓಡಿಸುವುದು. ರಿಸೋರ್ಸ್ ಗ್ರೂಪ್ (ಅಜೂರ್‌ನಲ್ಲಿ ಯಂತ್ರ, ಸೇವೆಗಳನ್ನು ಒಟ್ಟಿಗೆ ಇಟ್ಟ ಗುಂಪು) ಮೇಲೆ ಕಾಂಟ್ರಿಬ್ಯೂಟರ್ ರೋಲ್, ಅಂದರೆ ಅವನ್ನು ಬದಲಿಸುವ ಅಧಿಕಾರ, ಇದ್ದವನಿಗೆ ಎಕ್ಸ್‌ಟೆನ್ಶನ್ ಬರೆಯುವ ಹಕ್ಕು ತಾನಾಗಿ ಇರುತ್ತದೆ. ಆ ಗ್ರೂಪಿನಲ್ಲಿ ಒಂದು ಡೊಮೇನ್ ಕಂಟ್ರೋಲರ್ (ಸಂಸ್ಥೆಯ ಎಲ್ಲ ಖಾತೆಗಳನ್ನು ನೋಡಿಕೊಳ್ಳುವ ಸರ್ವರ್) ಇದ್ದರೆ ಆ ಕಾಂಟ್ರಿಬ್ಯೂಟರ್, ಕಾಗದದ ಮೇಲೆ ಏನೇ ಇರಲಿ, ಡೊಮೇನ್ ಅಡ್ಮಿನ್. ಡೊಮೇನ್‌ನ ಅಡ್ಮಿನ್ ಗುಂಪುಗಳನ್ನು ಎಷ್ಟೇ ಜರಡಿ ಹಿಡಿದರೂ ಇದು ಕಾಣದು, ಏಕೆಂದರೆ ಅವನ ಹೆಸರು ಅಲ್ಲಿ ಇಲ್ಲ. ರೋಲ್ ಪಟ್ಟಿ ತೆಗೆದು, ಹೈಬ್ರಿಡ್ ಕಂಪ್ಯೂಟ್ ಯಂತ್ರಗಳ ಎಕ್ಸ್‌ಟೆನ್ಶನ್ ಮತ್ತು ರನ್ ಕಮಾಂಡ್ ಮೇಲೆ ಬರೆಯುವ ಹಕ್ಕು ಯಾರ್ಯಾರಿಗೆ ಮೇಲಿನಿಂದ ಇಳಿದು ಬಂದಿದೆ ಎಂದು ನೋಡಬೇಕು. ಸಬ್‌ಸ್ಕ್ರಿಪ್ಶನ್ ಮಟ್ಟದಲ್ಲಿ ರೋಲ್ ಕೊಟ್ಟ ಸರ್ವಿಸ್ ಪ್ರಿನ್ಸಿಪಲ್‌ಗಳನ್ನು (ಪ್ರೋಗ್ರಾಂಗಳ ಖಾತೆಗಳನ್ನು), ಅದರಲ್ಲೂ ಡಿಪ್ಲಾಯ್‌ಮೆಂಟ್ ಪೈಪ್‌ಲೈನ್‌ಗಳವನ್ನು, ಬಿಡಬೇಡಿ.

ತಡೆಯುವ ಬೀಗ ಏಜೆಂಟ್‌ನಲ್ಲೇ ಇದೆ. ಸರ್ವರ್‌ನಲ್ಲಿ ಅಡ್ಮಿನ್ ಆಗಿ ಕೂತು ಆರ್ಕ್ ಏಜೆಂಟ್‌ನ ಕಮಾಂಡ್ ಉಪಕರಣವಾದ ಅಝ್‌ಸಿಎಂಏಜೆಂಟ್‌ನ ಕಾನ್ಫಿಗ್ ಸೆಟ್ ಆಜ್ಞೆಯಿಂದ ಎಕ್ಸ್‌ಟೆನ್ಶನ್ ಅಲೋಲಿಸ್ಟ್ (ಒಪ್ಪಿಗೆ ಇರುವವುಗಳ ಪಟ್ಟಿ) ಕೊಡಬಹುದು. ಹೆಸರನ್ನು ಪಬ್ಲಿಷರ್, ಓರೆಗೆರೆ, ಟೈಪ್ ಎಂಬ ರೂಪದಲ್ಲಿ ಬರೆಯಬೇಕು. ಈ ಸೆಟ್ಟಿಂಗನ್ನು ಕ್ಲೌಡ್ ಕಡೆಯಿಂದ ಬದಲಿಸಲಾಗದು, ಅದರ ಬೆಲೆ ಇರುವುದೇ ಅದರಲ್ಲಿ. ಅಲೋಲಿಸ್ಟ್, ಬ್ಲಾಕ್‌ಲಿಸ್ಟ್ ಎರಡರಲ್ಲೂ ಇರುವ ಹೆಸರು ತಡೆಹಿಡಿಯಲ್ಪಡುತ್ತದೆ. ಆಗಲೇ ಕೂತಿರುವ ಎಕ್ಸ್‌ಟೆನ್ಶನ್ ಮಾತ್ರ ಬ್ಲಾಕ್‌ಲಿಸ್ಟ್ ಮಾಡಿದೊಡನೆ ತೊಲಗುವುದಿಲ್ಲ, ಅದನ್ನು ಪೋರ್ಟಲ್‌ನಿಂದ ಅಳಿಸಬೇಕು. ಡೊಮೇನ್ ಕಂಟ್ರೋಲರ್‌ನಂಥವಕ್ಕೆ ನಾನು ಮಾನಿಟರ್ ಮೋಡ್ ಹಾಕುತ್ತೇನೆ: ಮಾನಿಟರಿಂಗ್ ಮತ್ತು ಭದ್ರತೆಯ ಆಯ್ದ ಎಕ್ಸ್‌ಟೆನ್ಶನ್‌ಗಳಷ್ಟೇ ಉಳಿಯುತ್ತವೆ, ಗೆಸ್ಟ್ ಕಾನ್ಫಿಗರೇಶನ್ ಮತ್ತು ರಿಮೋಟ್ ಪ್ರವೇಶ ನಿಲ್ಲುತ್ತವೆ. ಆಮೇಲೆ ಟೆಸ್ಟ್ ಖಾತೆಯಿಂದ ಕಸ್ಟಮ್ ಸ್ಕ್ರಿಪ್ಟ್ ಕಳಿಸಿ, ಅದು ನಿಜವಾಗಿ ಸೋಲುತ್ತದೆಯೇ ಎಂದು ನೋಡುವುದನ್ನು ಬಿಡಬಾರದು.

ಪ್ಯಾಚ್ ವಿಷಯದಲ್ಲಿ ಎಡವುವುದು ಒಂದೇ ಕಡೆ. ಕನೆಕ್ಟೆಡ್ ಮೆಷಿನ್ ಏಜೆಂಟ್‌ಗೆ ಸಿವಿಇ-2023-35624, ಸಿವಿಇ-2024-21329, ಸಿವಿಇ-2024-38162 ಹೀಗೆ ಪ್ರಿವಿಲೇಜ್ ಎಸ್ಕಲೇಶನ್ ತಿದ್ದುಪಡಿಗಳು ಬರುತ್ತಲೇ ಇವೆ, ಆದರೆ ವಿಂಡೋಸ್‌ನ ತಿಂಗಳ ಅಪ್‌ಡೇಟ್ ಹಾಕಿದ ಮಾತ್ರಕ್ಕೆ ಏಜೆಂಟ್ ಹೊಸದಾಗುವುದಿಲ್ಲ. ಮೈಕ್ರೋಸಾಫ್ಟ್‌ನ ಇತರ ಉತ್ಪನ್ನಗಳ ಅಪ್‌ಡೇಟ್ ಆಯ್ಕೆ ಆನ್ ಇರಬೇಕು. ಡಬ್ಲ್ಯೂಎಸ್‌ಯುಎಸ್ (ಸಂಸ್ಥೆಯೊಳಗೆ ಅಪ್‌ಡೇಟ್ ಹಂಚುವ ಸರ್ವರ್) ಬಳಸುವಲ್ಲಿ ಏಜೆಂಟ್ ಉತ್ಪನ್ನವನ್ನು ಅಲ್ಲಿ ಬೇರೆಯಾಗಿ ಆರಿಸಿ ಒಪ್ಪಿಗೆ ಕೊಡಬೇಕು. ಲಿನಕ್ಸ್‌ನಲ್ಲಿ ಪ್ಯಾಕೇಜ್ ರೆಪೊಸಿಟರಿ ಹಚ್ಚಿಲ್ಲದಿದ್ದರೆ ಅದೇ ಕತೆ. ಅಝ್‌ಸಿಎಂಏಜೆಂಟ್ ಶೋ ಕೊಡುವ ಆವೃತ್ತಿ ಸಂಖ್ಯೆಯನ್ನು ಪ್ರತಿ ಸರ್ವರ್‌ನಿಂದ ಎತ್ತಿ, ಪೋರ್ಟಲ್ ತೋರಿಸುವುದರ ಜೊತೆ ಹೋಲಿಸಿ. ಬಹಳ ದಿನದಿಂದ ಡಿಸ್‌ಕನೆಕ್ಟೆಡ್ ಆಗಿರುವ ಸರ್ವರ್‌ಗಳ ಎದುರು ಪೋರ್ಟಲ್ ಕೊನೆಗೆ ಕಂಡ ಸಂಖ್ಯೆಯನ್ನೇ ತೋರಿಸುತ್ತಿರುತ್ತದೆ.