ಸೋತ ಮೇಲೆ ಬೂತಿಂದ ಮತ್ತೆ ಕಟ್ಟೋದು ಹೇಗೆ: ಚಿಕ್ಕಮಗಳೂರು ಕಡೆ ಕಾರ್ಯಕರ್ತರಿಗೆ

2023ರ ಮೇ 13ನೇ ತಾರೀಕು ವಿಧಾನಸಭೆ ಫಲಿತಾಂಶ ಬಂತು, ನಮ್ ಜಿಲ್ಲೇಲಿ ಬಿಜೆಪಿಗೆ ಐದಕ್ಕೆ ಐದೂ ಹೋಯ್ತು. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಕಡೂರು ಎಲ್ಲಾ ಕಾಂಗ್ರೆಸ್ಸಿಗೆ. 2018ರಲ್ಲಿ ಐದರಲ್ಲಿ ನಾಲ್ಕು ಬಿಜೆಪಿ ಗೆದ್ದಿತ್ತು. ನಾನು ಮೂಡಿಗೆರೆ ಕಡೆ ಒಂದು ಬೂತಲ್ಲಿ ಸುಮಾರು ವರ್ಷದಿಂದ ಕೆಲಸ ಮಾಡ್ಕೊಂಡು ಬಂದವನು, ಆ ರಾತ್ರಿ ಮನೇಲಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ. ದೇವಸ್ಥಾನ, ಮನೆತನ, ಜಮೀನು, ಊರಿನ ರೀತಿ ರಿವಾಜು ಇವೆಲ್ಲ ಉಳ್ಕೊಂಡು ಹೋಗ್ಬೇಕು ಅಂತ ಮನಸಾರೆ ನಂಬಿರೋ ನಮ್ಮಂಥೋರಿಗೆ ಸೋಲು ಅಂದ್ರೆ ಬರೀ ಸೀಟು ಹೋಗೋದಲ್ಲ, ನಮ್ ಮಾತು ಊರಿಗೆ ಬೇಡ ಆಯ್ತಾ ಅನ್ನೋ ಸಂಕಟ. ಅದಕ್ಕೇ ಆಮೇಲಿನ ದಿನಗಳಲ್ಲಿ ಏನು ಮಾಡ್ಬೇಕು, ಏನು ಮಾಡ್ಬಾರ್ದು ಅಂತ ನಾನು ಕಲ್ತಿದ್ದನ್ನ ಬರೀತಿದೀನಿ. ಮುಂದೆ ಎಲ್ಲಿ ಸೋತ್ರೂ ಕೆಲಸಕ್ಕೆ ಬರುತ್ತೆ.

ಮೊದಲ ಹದಿನೈದು ದಿನ ಯಾರನ್ನೂ ಬೈಬೇಡಿ. ವಾಟ್ಸಾಪ್ ಗ್ರೂಪಲ್ಲಿ ದ್ರೋಹಿ ಯಾರು, ದುಡ್ಡು ತಿಂದಿದ್ದು ಯಾರು ಅಂತ ಶುರು ಆಗೇ ಆಗುತ್ತೆ, ಅಡ್ಮಿನ್ ನೀವೇ ಆಗಿದ್ರೆ ಅಡ್ಮಿನ್ ಬಿಟ್ರೆ ಬೇರೆ ಯಾರೂ ಮೆಸೇಜ್ ಹಾಕ್ದಂಗೆ ಸೆಟ್ಟಿಂಗ್ ಮಾಡ್ಬಿಡಿ. ಆ ಹದಿನೈದು ದಿನದಲ್ಲಿ ಮಾಡ್ಬೇಕಾದ್ದು ಒಂದೇ ಕೆಲಸ, ಬಿಸಿಲಲ್ಲಿ ಚೀಟಿ ಹಂಚಿದ ಹುಡುಗರು, ಏಜೆಂಟ್ ಆಗಿ ಕೂತೋರು, ಜೀಪ್ ಕೊಟ್ಟೋರು, ಅಡುಗೆ ಮಾಡಿ ಹಾಕಿದ ಹೆಂಗಸರು, ಇವ್ರೆಲ್ಲರ ಮನೆಗೆ ಹೋಗಿ ಕೂತ್ಕೊಂಡು ಒಂದು ಲೋಟ ಕಾಫಿ ಕುಡ್ದು ಬನ್ನಿ. ಗೆದ್ದಾಗ ಹಾರ ಹಾಕಕ್ಕೆ ಸಾವಿರ ಜನ ಬರ್ತಾರೆ, ಸೋತಾಗ ಯಾರೂ ಮನೆಗೆ ಬರಲ್ಲ, ಆವಾಗ ಹೋದೋರನ್ನ ಜನ ಮರೆಯಲ್ಲ.

ಆಮೇಲೆ ಲೆಕ್ಕ. ಇದು ಈ ಬರಹದ ಮುಖ್ಯ ಭಾಗ, ಸ್ವಲ್ಪ ತಾಳ್ಮೆಯಿಂದ ಓದಿ. ಚುನಾವಣೆ ಮುಗಿದ ಮೇಲೆ ಫಾರಂ 20 ಅಂತ ಬರುತ್ತೆ, ಒಂದೊಂದು ಬೂತಲ್ಲೂ ಯಾರ್ಯಾರಿಗೆ ಎಷ್ಟೆಷ್ಟು ವೋಟು ಬಿತ್ತು ಅನ್ನೋ ಪಟ್ಟಿ, ರಾಜ್ಯದ ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟಲ್ಲಿ ಸಿಗುತ್ತೆ. ನಿಮ್ಮ ಕ್ಷೇತ್ರದ್ದು ಈ ಸಲದ್ದು ಮತ್ತೆ ಹಿಂದಿನ ಸಲದ್ದು ಎರಡೂ ಪ್ರಿಂಟ್ ತೆಗೆಸಿ. ಬೂತ್ ನಂಬರ್ ನೋಡಿ ಹೋಲಿಸಕ್ಕೆ ಹೋಗ್ಬೇಡಿ, ಐದು ವರ್ಷದಲ್ಲಿ ಬೂತ್ ಒಡೆದಿರ್ತಾರೆ, ಸೇರಿಸಿರ್ತಾರೆ, ನಂಬರ್ ಎಲ್ಲಾ ಅದಲು ಬದಲು ಆಗಿರುತ್ತೆ, ಊರು ಮತ್ತೆ ಶಾಲೆ ಹೆಸರು ನೋಡಿ ಜೋಡಿಸ್ಕೊಳಿ. ವೋಟಿನ ಸಂಖ್ಯೆ ಜೊತೆಗೆ ಪರ್ಸೆಂಟೂ ಬರ್ಕೊಳಿ, ಯಾಕಂದ್ರೆ ಮತದಾನ ಜಾಸ್ತಿ ಆದಾಗ ಸಂಖ್ಯೆ ಏರಿದ್ರೂ ನಿಮ್ ಪಾಲು ಇಳಿದಿರ್ಬಹುದು.

ನಾವು ನಾಲ್ಕು ಜನ ಜೂನ್ ಮಳೇಲಿ ಒಬ್ರ ಮನೆ ಜಗಲಿ ಮೇಲೆ ಕೂತು ಇದನ್ನ ಮಾಡಿದ್ವಿ, ಒಂದು ಉದ್ದದ ಲೆಕ್ಕದ ಪುಸ್ತಕ, ಕೆಂಪು ಪೆನ್ನು ನೀಲಿ ಪೆನ್ನು. ಬಿದ್ದ ಬೂತಿಗೆ ಕೆಂಪು, ನಿಂತ ಬೂತಿಗೆ ನೀಲಿ. ನಾವು ಅಂದ್ಕೊಂಡಿದ್ದು ಒಂದು, ಪುಸ್ತಕ ಹೇಳಿದ್ದು ಇನ್ನೊಂದು. ಕೈ ಕೊಟ್ರು ಅಂತ ನಾವು ಒಂದು ತಿಂಗಳಿಂದ ಬೈಕೊಂಡು ಓಡಾಡ್ತಿದ್ದ ಊರು ನೀಲಿ ಬಂತು, ಗಟ್ಟಿ ನಮ್ದು ಅಂತ ಪ್ರಚಾರಕ್ಕೇ ಹೋಗ್ದೇ ಇದ್ದ ಎರಡು ಎಸ್ಟೇಟ್ ಲೈನ್, ಅಂದ್ರೆ ತೋಟದ ಆಳುಗಳ ಸಾಲು ಮನೆ, ಕೆಂಪು ಬಂತು. ಆ ಜಗಲಿ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ.

ರಾಜ್ಯದ ಲೆಕ್ಕಾನೂ ಹಂಗೇ. ಬಿಜೆಪಿ ಸೀಟು 104ರಿಂದ 66ಕ್ಕೆ ಬಿತ್ತು, ಆದ್ರೆ ವೋಟಿನ ಪಾಲು 2018ರಲ್ಲೂ ಸುಮಾರು 36 ಪರ್ಸೆಂಟ್, 2023ರಲ್ಲೂ ಸುಮಾರು 36 ಪರ್ಸೆಂಟ್. ಕಾಂಗ್ರೆಸ್ 38ರಿಂದ ಹತ್ರ ಹತ್ರ 43ಕ್ಕೆ ಏರ್ತು, ಜೆಡಿಎಸ್ 18 ಚಿಲ್ರೆಯಿಂದ 13 ಚಿಲ್ರೆಗೆ ಇಳೀತು. ಅಂದ್ರೆ ಒಟ್ಟು ಲೆಕ್ಕದಲ್ಲಿ ನಮ್ ಪಾಲು ಕರಗಿಲ್ಲ, ಎದುರಿನ ವೋಟು ಒಂದು ಕಡೆ ಗುಡ್ಡೆ ಬಿತ್ತು. ಇದು ಗೊತ್ತಾದ್ರೆ ಮುಂದಿನ ಕೆಲಸಾನೇ ಬೇರೆ ಆಗುತ್ತೆ, ಇರೋರಿಗೇ ಇನ್ನೂ ಜೋರಾಗಿ ಭಾಷಣ ಮಾಡೋದ್ರಿಂದ ಏನೂ ಆಗಲ್ಲ, ಇನ್ನೂ ನಾಲ್ಕು ಮನೆ ಬಾಗಿಲು ತಟ್ಬೇಕು. ಶೃಂಗೇರೀಲಿ ಆವತ್ತು ಘೋಷಣೆ ಆದ ಅಂತರ 201 ವೋಟು. ಬೂತಿಗೆ ಒಂದು ವೋಟು ಅಂತ ಹಿಡಿದ್ರೂ ಸಾಕಿತ್ತು. ಇದನ್ನ ನಿಮ್ಮ ಪ್ರತಿ ಬೂತ್ ಮೀಟಿಂಗಲ್ಲೂ ಹೇಳಿ, ಒಂದು ಮನೇಲಿ ಏನಾಗುತ್ತೆ ಬಿಡಿ ಅನ್ನೋನಿಗೆ ಇದಕ್ಕಿಂತ ಚೆನ್ನಾಗಿರೋ ಉತ್ತರ ಇಲ್ಲ.

ಮುನಿಸ್ಕೊಂಡೋರ ವಿಷಯ. ಮೂಡಿಗೆರೇಲಿ 722 ವೋಟಲ್ಲಿ ಸೋತಿದ್ದು. ಅಲ್ಲಿ ಹಿಂದಿನ ಸಲ ಬಿಜೆಪಿಯಿಂದ ಗೆದ್ದಿದ್ದ ಎಂ.ಪಿ. ಕುಮಾರಸ್ವಾಮಿ ಅವ್ರು ಟಿಕೆಟ್ ಸಿಗ್ದೆ ಜೆಡಿಎಸ್‌ನಿಂದ ನಿಂತು ಇಪ್ಪತ್ತು ಸಾವಿರದ ಮೇಲೆ ವೋಟು ತಗೊಂಡ್ರು. ಚಿಕ್ಕಮಗಳೂರಲ್ಲಿ 2004ರಿಂದ ಸತತ ನಾಲ್ಕು ಸಲ ಗೆದ್ದಿದ್ದ ಸಿ.ಟಿ. ರವಿ ಅವ್ರನ್ನ ಸೋಲಿಸಿದ ಎಚ್.ಡಿ. ತಮ್ಮಯ್ಯ ಅವ್ರು ಚುನಾವಣೆಗೆ ಸ್ವಲ್ಪ ತಿಂಗಳು ಮುಂಚೆವರೆಗೂ ಬಿಜೆಪೀಲೇ ಇದ್ದವರು. ಯಾರು ಸರಿ ಯಾರು ತಪ್ಪು ಅಂತ ನಾನು ತೀರ್ಪು ಕೊಡಲ್ಲ, ಆದ್ರೆ ಮನೆಯೊಳಗಿನ ಬಿರುಕು ವೋಟಿನ ಲೆಕ್ಕದಲ್ಲಿ ಎಷ್ಟು ದೊಡ್ಡದಾಗುತ್ತೆ ನೋಡಿ. ಕೆನಡಾದಲ್ಲೂ ಇದೇ ಕಥೆ, 1993ರಲ್ಲಿ ಆಳ್ತಾ ಇದ್ದ ಕನ್ಸರ್ವೇಟಿವ್ ಪಕ್ಷ ಬರೀ 2 ಸೀಟಿಗೆ ಬಂತು, ಬಲಪಂಥದ ವೋಟು ಎರಡು ಪಕ್ಷಕ್ಕೆ ಹಂಚಿ ಹೋಯ್ತು, 2003ರಲ್ಲಿ ಎರಡೂ ಕಡೆಯೋರು ಸೇರಿ ಒಂದಾದ ಮೇಲೇನೆ 2006ರಲ್ಲಿ ಸ್ಟೀಫನ್ ಹಾರ್ಪರ್ ಸರ್ಕಾರ ಬಂದಿದ್ದು.

ದೊಡ್ಡೋರ ರಾಜಿ ನಮ್ ಕೈಲಿಲ್ಲ, ಆದ್ರೆ ಬೂತ್ ಮಟ್ಟದ್ದು ನಮ್ ಕೈಲೇ ಇದೆ. ಮುನಿಸ್ಕೊಂಡಿರೋರ ಹತ್ರ ಇಬ್ರೇ ಹೋಗಿ, ಹಿಂಡು ಕಟ್ಕೊಂಡು ಹೋಗ್ಬೇಡಿ, ಫೋಟೋ ತೆಗೀಬೇಡಿ, ಮತ್ತೆ ಬಂದ್ರು ಅಂತ ಸ್ಟೇಟಸ್ ಹಾಕ್ಬೇಡಿ. ಅವ್ರು ಪೂರ್ತಿ ಹೇಳೋವರೆಗೂ ಮಧ್ಯ ಬಾಯಿ ಹಾಕ್ಬೇಡಿ. ಎಷ್ಟೋ ಸಲ ಮುನಿಸಿಗೆ ಕಾರಣ ಟಿಕೆಟ್ ಅಲ್ಲ ಏನೂ ಅಲ್ಲ, ತಂದೆ ತಿಥಿಗೆ ಯಾರೂ ಬರ್ಲಿಲ್ಲ ಅನ್ನೋದೇ ಆಗಿರುತ್ತೆ.

ಈಗ ಮತದಾರರ ಪಟ್ಟಿ. ನನ್ನ ಬೂತಲ್ಲಿ ಮತದಾನದ ದಿನ ಬೆಂಗಳೂರಿಂದ ರಾತ್ರಿ ಬಸ್ ಹತ್ತಿ ಬಂದಿದ್ದ ಅಣ್ಣ ತಂಗಿ ಇಬ್ರು ಹೆಸರಿಲ್ದೆ ವಾಪಸ್ ಹೋದ್ರು. ಆ ಪಟ್ಟಿ ನನ್ನ ಕೈಲಿ ಎರಡು ತಿಂಗಳಿಂದ ಇತ್ತು, ನಾನು ಓದಿರ್ಲಿಲ್ಲ. ಆ ಹುಡುಗಿ ಏನೂ ಅನ್ಲಿಲ್ಲ, ಹೋಗ್ಲಿ ಬಿಡಿ ಅಣ್ಣ ಅಂದ್ಳು, ನಂಗೆ ಅದೇ ಇವತ್ತಿಗೂ ಚುಚ್ಚುತ್ತೆ. ಅದಕ್ಕೇ ಹೇಳೋದು, ಪಟ್ಟಿ ಚುನಾವಣೆ ಟೈಮಲ್ಲಿ ನೋಡೋ ವಸ್ತು ಅಲ್ಲ. ಹೊಸಬ್ರಿಗೆ ಫಾರಂ 6, ತಿದ್ದುಪಡಿ ಮತ್ತೆ ವಿಳಾಸ ಬದಲಾವಣೆಗೆ ಫಾರಂ 8, ತೀರ್ಕೊಂಡೋರ ಹೆಸರು ತೆಗೆಸಕ್ಕೆ ಫಾರಂ 7. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನ ಇದೆ, ಅಂದ್ರೆ ಆ ದಿನಕ್ಕೆ ಹದಿನೆಂಟು ತುಂಬಿರ್ಬೇಕು, ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಹದಿನೇಳು ತುಂಬಿದ ಮಕ್ಕಳು ಮುಂಚೇನೆ ಅರ್ಜಿ ಹಾಕ್ಬಹುದು. ನಿಮ್ಮ ಬೂತಿನ ಪಟ್ಟಿ ನೋಡ್ಕೊಳ್ಳೋ ಅಧಿಕಾರಿ, ಅಂದ್ರೆ ಬಿಎಲ್‌ಓ, ಹೆಚ್ಚು ಕಮ್ಮಿ ಅಂಗನವಾಡಿ ಟೀಚರೋ ಮೇಷ್ಟ್ರೋ ಆಗಿರ್ತಾರೆ, ಅವ್ರಿಗೆ ಗೌರವ ಕೊಟ್ಟು ಮಾತಾಡಿ, ಅವ್ರ ಮೇಲೆ ರೇಗೋದ್ರಿಂದ ಒಂದು ಹೆಸರೂ ಸೇರಲ್ಲ. ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಎದುರಿನವರ ಹೆಸರು ತೆಗೆಸಕ್ಕೆ ಸುಳ್ಳು ಫಾರಂ 7 ಹಾಕೋದು ಅಪರಾಧ, ಪಾಪ ಕೂಡ. ಹಂಗೆ ಗೆಲ್ಲೋ ಗೆಲುವು ನಮಗೆ ಬೇಡ.

ಜಾತ್ರೆ ಮೆರವಣಿಗೆ ಜನ ನೋಡಿ ಮೋಸ ಹೋಗ್ಬೇಡಿ. ದತ್ತ ಜಯಂತಿಗೆ ಮಾಲೆ ಹಾಕಿ ಬರೋ ಹುಡುಗರ ಭಕ್ತಿ ದೊಡ್ಡದು, ನಂಗೂ ಅದು ಕಣ್ಣು ತುಂಬುತ್ತೆ, ಆದ್ರೆ ಅವ್ರಲ್ಲಿ ಎಷ್ಟೋ ಜನ ಬೇರೆ ತಾಲೂಕು, ಬೇರೆ ಜಿಲ್ಲೆಯವ್ರು, ನಿಮ್ಮ ಬೂತಿನ ಪಟ್ಟೀಲಿ ಅವ್ರ ಹೆಸರಿಲ್ಲ. ಹಂಗೇ 2024ರ ಲೋಕಸಭೆ. ಉಡುಪಿ ಚಿಕ್ಕಮಗಳೂರಲ್ಲಿ ಕೋಟ ಶ್ರೀನಿವಾಸ ಪೂಜಾರಿ ಅವ್ರು ಎರಡೂವರೆ ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ರು, ಸಂತೋಷ, ಆದ್ರೆ ದಿಲ್ಲಿಗೆ ಹಾಕೋ ವೋಟು ಬೇರೆ ಊರಿಗೆ ಹಾಕೋ ವೋಟು ಬೇರೆ ಅಂತ ನಮ್ ಜನಕ್ಕೆ ಚೆನ್ನಾಗಿ ಗೊತ್ತು.

ಹಂಗಾದ್ರೆ ಊರಿಗೆ ಏನು ಬೇಕು. ನಾವು ಉಳಿಸೋರು ಅಂತ ಹೇಳ್ಕೊಳ್ತೀವಿ, ಸರಿ, ಮಲೆನಾಡಲ್ಲಿ ಇವತ್ತು ಕೈ ಬಿಟ್ಟು ಹೋಗ್ತಾ ಇರೋದು ಏನು ಅಂತ ನೋಡಿ. ಶೃಂಗೇರಿ ಕೊಪ್ಪ ಕಡೆ ಹಳದಿ ಎಲೆ ರೋಗಕ್ಕೆ ಅಡಿಕೆ ತೋಟಕ್ಕೆ ತೋಟಾನೇ ಹೋಗಿದೆ, ಮೇಲೆ ಎಲೆಚುಕ್ಕಿ ರೋಗ ಬೇರೆ. ಮೂಡಿಗೆರೆ ಕಡೆ ಆನೆ ಭಯಕ್ಕೆ ಬೆಳಗ್ಗೆ ಕೆಲಸಕ್ಕೆ ಹೋಗೋ ಆಳುಗಳು ಜೀವ ಕೈಲಿಟ್ಕೊಂಡು ಹೋಗ್ತಾರೆ. ಅಜ್ಜನ ಕಾಲದಿಂದ ಉಳುಮೆ ಮಾಡಿದ ಜಾಗಕ್ಕೆ ಅರಣ್ಯದ ನೋಟಿಸ್ ಬರುತ್ತೆ. ಮಕ್ಕಳಿಲ್ಲ ಅಂತ ಊರಿನ ಶಾಲೆ ಮುಚ್ಚುತ್ತೆ. ಇದ್ರಲ್ಲಿ ಒಂದನ್ನ ಹಿಡ್ಕೊಂಡು ಎರಡು ವರ್ಷ ಬಿಡದೆ ಕೆಲಸ ಮಾಡಿ. ಆನೆ ಬಂದ ರಾತ್ರಿ ಯಾರಿಗೆ ಫೋನ್ ಮಾಡ್ಬೇಕು, ಬೆಳೆ ಹಾನಿ ಅರ್ಜಿ ಜೊತೆ ಪಹಣಿ, ಫೋಟೋ ಎಲ್ಲಾ ಹೆಂಗೆ ಜೋಡಿಸ್ಬೇಕು ಅಂತ ಗೊತ್ತಿರೋ ಒಬ್ಬ ಹುಡುಗ ಪ್ರತಿ ಊರಲ್ಲೂ ಇದ್ರೆ ಸಾಕು, ಅವ್ನ ಮಾತಿಗೆ ತೂಕ ತಾನಾಗೇ ಬರುತ್ತೆ. ಹಾಲಿನ ಡೈರಿ, ಸಹಕಾರ ಸಂಘ, ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿ, ದೇವಸ್ಥಾನದ ಜೀರ್ಣೋದ್ಧಾರ ಕಮಿಟಿ, ಇಲ್ಲೆಲ್ಲಾ ಕೂತು ಲೆಕ್ಕ ಸರಿಯಾಗಿ ಇಟ್ಟೋರೇ ನಾಳೆ ನಿಮ್ಮ ಅಭ್ಯರ್ಥಿಗಳು. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ, ಅದಕ್ಕೇ ಅದು ಆಳಿನ ನಿಜವಾದ ತೂಕ ನೋಡೋ ಜಾಗ, ಅರ್ಧ ಸೀಟು ಹೆಂಗಸರದ್ದು, ಅಲ್ಲಿಗೆ ಯಾರದೋ ಹೆಂಡ್ತಿ ಅಂತ ಅಲ್ದೆ ಕೆಲಸ ಮಾಡೋ ಹೆಣ್ಣುಮಗಳನ್ನೇ ನಿಲ್ಸಿ.

ಹೆಂಗಸರ ವಿಷಯಕ್ಕೆ ಬಂದ್ರೆ, ಕಾಂಗ್ರೆಸ್ ಸರ್ಕಾರದ ಗ್ಯಾರಂಟಿ, ಅದ್ರಲ್ಲೂ ಗೃಹಲಕ್ಷ್ಮಿಯ ತಿಂಗಳಿಗೆ ಎರಡು ಸಾವಿರ, ತಗೊಂಡೋರನ್ನ ಯಾವತ್ತೂ ಹೀಯಾಳಿಸ್ಬೇಡಿ. ಕೆಂಪು ಬಂದಿದ್ದ ಎಸ್ಟೇಟ್ ಲೈನಿಗೆ ನಾನು ಹೋದಾಗ ಒಬ್ರು ಅಕ್ಕ ಒಲೆ ಮುಂದೆ ಕೂತ್ಕೊಂಡೇ ಕೇಳಿದ್ರು, "ಆ ಎರಡು ಸಾವಿರದಲ್ಲಿ ನಾನು ಮಗಳ ಬಸ್ಸು, ಪುಸ್ತಕ ಎಲ್ಲಾ ನೋಡ್ಕೊಳ್ತಿದೀನಿ ಅಣ್ಣ, ನೀವು ಅದನ್ನ ಬಿಟ್ಟಿ ಅಂತೀರಲ್ಲ, ನಾನೇನು ಬಿಟ್ಟಿ ಕೂತಿದೀನಾ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಯೋಜನೆ ಬಗ್ಗೆ, ಸರ್ಕಾರದ ಸಾಲದ ಬಗ್ಗೆ ವಾದ ಇದ್ರೆ ಸರ್ಕಾರದ ಜೊತೆ ಮಾಡಿ, ಸಂಸಾರ ತೂಗಿಸೋ ತಾಯಿ ಜೊತೆ ಅಲ್ಲ. ಸಂಸಾರ ಉಳೀಬೇಕು ಅಂತಾನೇ ಅಲ್ವಾ ನಾವೂ ಹೊರಟಿರೋದು.

ದುಡ್ಡಿನ ಬಗ್ಗೆ ಹೆಚ್ಚು ಹೇಳಲ್ಲ. ಬ್ರಿಟನ್‌ನಲ್ಲಿ 1945ರಲ್ಲಿ ಯುದ್ಧ ಗೆದ್ದ ಚರ್ಚಿಲ್ ಅವ್ರ ಪಕ್ಷಾನೇ ಚುನಾವಣೇಲಿ ಹೀನಾಯವಾಗಿ ಸೋತಿತ್ತು, ಲೇಬರ್‌ಗೆ 393 ಸೀಟು. ಮುಂದಿನ ವರ್ಷ ಲಾರ್ಡ್ ವೂಲ್ಟನ್ ಅನ್ನೋರು ಪಕ್ಷದ ಅಧ್ಯಕ್ಷರಾದ್ರು, ಅಂಗಡಿ ವ್ಯವಹಾರದಿಂದ ಬಂದವರು, ಊರೂರಲ್ಲಿ ಸದಸ್ಯರನ್ನ ಸೇರಿಸಿದ್ರು, ಸಣ್ಣ ಸಣ್ಣ ಚಂದಾ ಎತ್ತಿದ್ರು, ಅಭ್ಯರ್ಥಿ ಕೈಯಿಂದ ಪಕ್ಷ ದೊಡ್ಡ ದುಡ್ಡು ಇಸ್ಕೊಳ್ಳೋದಕ್ಕೆ ಮಿತಿ ಹಾಕಿದ್ರು. ಜೊತೆಗೆ ಆರ್.ಎ. ಬಟ್ಲರ್ ಅವ್ರ ತಂಡ ಕೂತು ಕಾರ್ಮಿಕರಿಗೆ ನಾವು ಏನು ಹೇಳ್ಬೇಕು ಅಂತ ಹೊಸದಾಗಿ ಬರೀತು. 1951ರಲ್ಲಿ ವಾಪಸ್ ಬಂದ್ರು. ನಮ್ಮಲ್ಲೂ ಒಬ್ಬ ದೊಡ್ಡ ಪ್ಲಾಂಟರ್ ಕೊಡೋ ಲಕ್ಷಕ್ಕಿಂತ ಸಾವಿರ ಮನೆ ಕೊಡೋ ನೂರು ರೂಪಾಯಿ ಮೇಲು, ನೂರು ಕೊಟ್ಟೋರು ವೋಟಿನ ದಿನ ಮನೇಲಿ ಕೂರಲ್ಲ. ರಸೀದಿ ಮಾತ್ರ ತಪ್ಪದೆ ಕೊಡಿ.

ಎಷ್ಟು ದಿನ ಬೇಕು ಅಂತ ಹುಡುಗರು ಕೇಳ್ತಾರೆ. ಕರ್ನಾಟಕದಲ್ಲಿ ಬಿಜೆಪಿ 1983ರಲ್ಲಿ 18 ಗೆದ್ದು 1985ರಲ್ಲಿ 2ಕ್ಕೆ ಬಿತ್ತು. 1989ರಲ್ಲಿ 4, 1994ರಲ್ಲಿ 40, 2004ರಲ್ಲಿ 79, 2008ರಲ್ಲಿ 110. ಆ 2 ಮತ್ತೆ 4ರ ಕಾಲದಲ್ಲಿ ಸೈಕಲ್ ತುಳಿದೋರ ಹೆಸರು ಎಲ್ಲೂ ಇಲ್ಲ. ಎದುರಿನೋರಿಂದಲೂ ಕಲೀಬೇಕು, 1977ರಲ್ಲಿ ಸ್ವಂತ ಸೀಟು ರಾಯ್‌ಬರೇಲೀನೇ ಕಳ್ಕೊಂಡಿದ್ದ ಇಂದಿರಾ ಗಾಂಧಿ ಅವ್ರು 1978ರಲ್ಲಿ ಎದ್ದು ಬಂದಿದ್ದು ನಮ್ಮದೇ ಚಿಕ್ಕಮಗಳೂರಿಂದ, ವೀರೇಂದ್ರ ಪಾಟೀಲರ ಎದುರು 70 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ. ಇನ್ನು 2023ರಲ್ಲಿ ನಮ್ಮಲ್ಲಿ ಐದೂ ಹೋದಾಗ ಪಕ್ಕದ ಹಾಸನ ಜಿಲ್ಲೇಲಿ ಬೇಲೂರು, ಸಕಲೇಶಪುರ ಎರಡೂ ಬಿಜೆಪಿಗೆ ಬಂತು, ಅದೇ ಕಾಫಿ, ಅದೇ ಆನೆ, ಅದೇ ಮಳೆ. ಒಂದು ದಿನ ಬಿಡುವು ಮಾಡ್ಕೊಂಡು ಅಲ್ಲಿನ ಬೂತ್ ಹುಡುಗರ ಹತ್ರ ಹೋಗಿ ಏನು ಮಾಡಿದ್ರಿ ಅಂತ ಕೇಳ್ಕೊಂಡು ಬನ್ನಿ, ಹಂಗೆ ಕೇಳೋದ್ರಲ್ಲಿ ನಾಚಿಕೆ ಏನೂ ಇಲ್ಲ.

ಮತದಾನದ ದಿನಕ್ಕೆ ಕೂರೋ ಏಜೆಂಟನ್ನ ಈಗ್ಲೇ ಗುರುತು ಮಾಡಿ ಕಲಿಸಿ. ಮತದಾನಕ್ಕೆ ಒಂದೂವರೆ ಗಂಟೆ ಮುಂಚೆ ಅಣಕು ಮತದಾನ ನಡೆಯುತ್ತೆ, ಅಷ್ಟೊತ್ತಿಗೆ ಅಲ್ಲಿರ್ಬೇಕು, ಸಂಜೆ ಫಾರಂ 17ಸಿ, ಅಂದ್ರೆ ಆ ಬೂತಲ್ಲಿ ಒಟ್ಟು ಎಷ್ಟು ವೋಟು ಬಿತ್ತು ಅನ್ನೋ ಲೆಕ್ಕದ ಪ್ರತಿ, ಕೈಗೆ ಬರೋವರೆಗೂ ಎದ್ದು ಬರ್ಬಾರ್ದು, ಎಣಿಕೆ ದಿನ ನಿಮ್ ಹತ್ರ ಇರೋ ಆಧಾರ ಅದೊಂದೇ.

ಮೊನ್ನೆ ಮತ್ತೆ ಆ ಲೈನಿಗೆ ಹೋಗಿದ್ದೆ. ಆ ಅಕ್ಕನ ಮಗಳಿಗೆ ಹದಿನೇಳು ತುಂಬಿದೆ, ಫಾರಂ 6 ಅಲ್ಲೇ ಕೂತು ತುಂಬಿಸ್ದೆ, ಫೋಟೋಗೆ ಅಂತ ಅವ್ಳು ಒಳಗೆ ಹೋಗಿ ತಲೆ ಬಾಚ್ಕೊಂಡು ಬಂದ್ಳು. ಯಾರಿಗೆ ವೋಟು ಹಾಕ್ತೀಯ ಅಂತ ನಾನು ಕೇಳ್ಲಿಲ್ಲ. ಅವ್ರಮ್ಮ ಬೆಲ್ಲದ ಕಾಫಿ ಕೊಟ್ರು, ಪಕ್ಕದ ಮನೇಲೂ ಒಬ್ಬ ಹುಡುಗ ಇದಾನೆ ಹೋಗಿ ನೋಡಿ ಅಣ್ಣ ಅಂದ್ರು.