ತಾನಾಗಿ ಏರುತ್ತಿದ್ದ ಆಕ್ಸಿಜನ್ ರೆಗ್ಯುಲೇಟರಿನ ಮುಳ್ಳು

ಬದಿಯಡ್ಕದ ನಮ್ಮ ವರ್ಕ್‌ಶಾಪಿನಲ್ಲಿ ಗ್ಯಾಸ್ ಕಟಿಂಗ್ ಮಾಡುವಾಗ ಜ್ವಾಲೆ ಒಂದೇ ಸಮ ನಿಲ್ಲುತ್ತಿರಲಿಲ್ಲ. ಜ್ವಾಲೆ ಬರುವ ಟಾರ್ಚಿನ ವಾಲ್ವ್ ಮುಚ್ಚಿದರೂ, ಸಿಲಿಂಡರಿನ ಒತ್ತಡ ಇಳಿಸಿ ಹೋಸಿಗೆ ಬಿಡುವ ಆಕ್ಸಿಜನ್ ರೆಗ್ಯುಲೇಟರಿನ ಒಂದು ಗೇಜಿನ ಮುಳ್ಳು ಮೆಲ್ಲ ಮೇಲೇರುತ್ತಿತ್ತು.

ಅದರಲ್ಲಿ ಗೇಜ್ ಎರಡು. ಒಂದು ಸಿಲಿಂಡರಿನೊಳಗಿನ ಒತ್ತಡ ತೋರಿಸುತ್ತದೆ, ತುಂಬಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 150 ಕೆಜಿ. ಇನ್ನೊಂದು ಹೋಸಿಗೆ ಹೋಗುವ ಒತ್ತಡದ್ದು, ಏರುತ್ತಿದ್ದದ್ದು ಇದೇ. ನಡುವೆ ಸ್ಪ್ರಿಂಗ್, ಒತ್ತಡಕ್ಕೆ ಬಾಗುವ ತೆಳು ಪೊರೆ (ಡಯಾಫ್ರಮ್), ಗ್ಯಾಸಿನ ದಾರಿ ಮುಚ್ಚುವ ಒಂದು ಪುಟ್ಟ ಸೀಟ್. ಸೀಟಿನ ಮೇಲೆ ಧೂಳು ಕೂತರೆ, ಗೀರು ಬಿದ್ದರೆ ಅದು ಪೂರ್ತಿ ಮುಚ್ಚುವುದಿಲ್ಲ, ಗ್ಯಾಸ್ ಒಸರುತ್ತಲೇ ಇರುತ್ತದೆ. ಹೀಗೇ ಬಿಟ್ಟರೆ ಹೋಸ್ ಒಡೆಯಬಹುದು.

ಸಿಲಿಂಡರ್ ಮುಚ್ಚಿ, ಹೋಸಿನ ಗ್ಯಾಸ್ ಹೊರಬಿಟ್ಟು, ಒತ್ತಡ ಹೊಂದಿಸುವ ಸ್ಕ್ರೂ ಸಡಿಲಿಸಿ ರೆಗ್ಯುಲೇಟರ್ ಕಳಚಿದೆ. ಒಳಭಾಗ ಬಿಚ್ಚುವುದು ತರಬೇತಿ ಇದ್ದವರ ಕೆಲಸ. ಮಂಗಳೂರಿನಲ್ಲಿ ರಿಪೇರಿಗೆ ಕೊಟ್ಟೆ, ಸೀಟ್ ಬದಲಾಯಿಸಿ ಕೊಟ್ಟರು.

ಮರಳಿ ಕೂರಿಸುವ ಮುಂಚೆ ಪಕ್ಕಕ್ಕೆ ನಿಂತು ಸಿಲಿಂಡರ್ ವಾಲ್ವನ್ನು ಕ್ಷಣ ಮಾತ್ರ ತೆರೆದು ಧೂಳು ಹಾರಿಸಿದೆ, ಹತ್ತಿರ ಬೆಂಕಿ ಇಲ್ಲವೆಂದು ನೋಡಿಕೊಂಡೇ. ನಮ್ಮ ಉಪ್ಪುಗಾಳಿಗೆ ತ್ರೆಡ್ ಬಿಗಿಯಾಯಿತೆಂದು ತೆಂಗಿನೆಣ್ಣೆಯಾಗಲಿ ಗ್ರೀಸಾಗಲಿ ದಯವಿಟ್ಟು ಹಚ್ಚಬೇಡಿ. ಒತ್ತಡದ ಆಕ್ಸಿಜನ್ ತಾಗಿದರೆ ಎಣ್ಣೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಹುದು. ಜೋಡಣೆಗಳಿಗೆ ಎಣ್ಣೆಯಂಶವಿಲ್ಲದ ಲೀಕ್ ಟೆಸ್ಟ್ ದ್ರಾವಣ ಹಚ್ಚಿದೆ, ಗುಳ್ಳೆ ಬರಲಿಲ್ಲ. ಟಾರ್ಚ್ ಮುಚ್ಚಿಟ್ಟು ಕಾದು ನೋಡಿದೆ, ಒತ್ತಡ ಏರಲಿಲ್ಲ.