ಮಾಸ್ಕ್ ತೆಗೆಯದೆ ಬ್ರಾಂಕೋಸ್ಕೋಪಿ: ನನ್ನ ಅನುಭವ

ಮೂತ್ರಪಿಂಡದ ಕಸಿಯಾದವರಲ್ಲಿ ಎರಡೂ ಶ್ವಾಸಕೋಶಗಳಿಗೆ ಸೋಂಕು ಹರಡಿ ಆಮ್ಲಜನಕ ಇಳಿಯತೊಡಗಿದಾಗ, ರೋಗಾಣು ಯಾವುದೆಂದು ತಿಳಿಯದೆ ಔಷಧದ ಮೇಲೆ ಔಷಧ ಸೇರಿಸುತ್ತ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಶ್ವಾಸಕೋಶದೊಳಗೆ ಸ್ಕೋಪ್ (ಕ್ಯಾಮೆರಾ ಇರುವ ತೆಳು ನಳಿಕೆ) ಇಳಿಸಿ ಮಾದರಿ ತೆಗೆಯುವ ಬ್ರಾಂಕೋಸ್ಕೋಪಿಗಾಗಿಯೇ ಶ್ವಾಸನಾಳಕ್ಕೆ ವೆಂಟಿಲೇಟರಿನ ಕೊಳವೆ ಹಾಕಿದರೆ ಹೊಸ ನ್ಯುಮೋನಿಯಾದ ಭಯ ಕಾಡುತ್ತದೆ. ಇಟಲಿಯ ಆಂಟೊನೆಲ್ಲಿ ಮತ್ತು ಸಂಗಡಿಗರು 1996ರಲ್ಲಿ ರೋಗನಿರೋಧಕ ಶಕ್ತಿ ಕುಂದಿದ 8 ರೋಗಿಗಳಿಗೆ ಮಾಸ್ಕಿನ ಮೂಲಕವೇ ವೆಂಟಿಲೇಟರ್ ಕೊಡುತ್ತ ಈ ಪರೀಕ್ಷೆ ಮಾಡಿದ ವರದಿಯನ್ನು ಪ್ರಕಟಿಸಿದ್ದರು. ನಮ್ಮ ತೀವ್ರ ನಿಗಾ ಘಟಕದಲ್ಲಿ ನಾನು ಅನುಸರಿಸುವುದೂ ಬಹುಮಟ್ಟಿಗೆ ಅದೇ ದಾರಿಯನ್ನು.

ಕಳೆದ ಬಾರಿಯ ರೋಗಿಗೆ ಪೂರ್ಣ ಎಚ್ಚರವಿತ್ತು, ರಕ್ತದೊತ್ತಡ ಸ್ಥಿರವಾಗಿತ್ತು, ವಾಂತಿಯಿರಲಿಲ್ಲ. ಇವುಗಳಲ್ಲಿ ಒಂದು ತಪ್ಪಿದ್ದರೂ ನಾನು ಕೈಹಾಕುತ್ತಿರಲಿಲ್ಲ. ಮಾಸ್ಕಿಗೂ ವೆಂಟಿಲೇಟರಿನ ಕೊಳವೆಗೂ ನಡುವೆ ಸ್ಕೋಪ್ ತೂರಿಸಲು ಸಿಲಿಕೋನ್ ಮುಚ್ಚಳದ ಕನೆಕ್ಟರ್ ಜೋಡಿಸಿ, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 6, ಪ್ರೆಷರ್ ಸಪೋರ್ಟ್ (ಉಸಿರೆಳೆಯಲು ನೆರವಾಗುವ ಒತ್ತಡ) 12 ಇಟ್ಟು, ಸ್ಕೋಪ್ ಒಳಗೆ ಹೋಗುವ ಮೊದಲೇ ಶೇ. 100 ಆಮ್ಲಜನಕ ಕೊಟ್ಟೆವು. ಮಂಪರಿನ ಔಷಧ ಹಾಕದೆ ಮರಗಟ್ಟಿಸುವ ಲಿಗ್ನೊಕೇನ್ ಸಿಂಪಡಿಸಿಕೊಂಡೇ ಮೂಗಿನಿಂದ ಸ್ಕೋಪನ್ನು ಮುಂದಕ್ಕೆ ಒಯ್ದೆ. "ಯಜಮಾನ್ರೇ, ಕೆಮ್ಮು ಬಂದ್ರೆ ಕೆಮ್ಮಿ, ಮಾಸ್ಕ್ ಮಾತ್ರ ಹಿಡ್ಕೋಬೇಡಿ" ಎಂದು ಮೊದಲೇ ಹೇಳಿಟ್ಟಿದ್ದು ಔಷಧಕ್ಕಿಂತ ಹೆಚ್ಚು ಕೆಲಸ ಮಾಡಿತು.

ಈ ಪರೀಕ್ಷೆಯಲ್ಲಿ ಆಮ್ಲಜನಕ ಕುಸಿಯುವುದು ಸ್ಕೋಪ್ ದಾರಿಗೆ ಅಡ್ಡವಾಗುವುದರಿಂದ ಅಷ್ಟಾಗಿ ಅಲ್ಲ. ಕೊಳವೆಯಿಲ್ಲದ ಶ್ವಾಸನಾಳದಲ್ಲಿ ಅದು ಸುಮಾರು ಹತ್ತನೆಯ ಒಂದು ಭಾಗವನ್ನಷ್ಟೇ ಆಕ್ರಮಿಸುತ್ತದೆ. ನಾವು ಸಕ್ಷನ್ (ಸ್ಕೋಪಿನ ಹೀರುವ ಗುಂಡಿ) ಒತ್ತಿದಾಗ ಕಫದೊಂದಿಗೆ ಗಾಳಿಯೂ ಹೊರಬಂದು, ಪೀಪ್ ತೆರೆದಿಟ್ಟಿದ್ದ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಸಕ್ಷನನ್ನು ಕೆಲವೇ ಸೆಕೆಂಡು ಒತ್ತಿ ಬಿಡುತ್ತೇನೆ. ಸಿಸ್ಟರ್ ಒಬ್ಬರು ಬೇರೆ ಯಾವ ಕೆಲಸಕ್ಕೂ ಹೋಗದೆ ಸ್ಯಾಚುರೇಷನ್ನನ್ನು (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) ಜೋರಾಗಿ ಓದುತ್ತಿದ್ದರು. 90ಕ್ಕಿಂತ ಕೆಳಗಿಳಿದೊಡನೆ ಸ್ಕೋಪ್ ಹಿಂದೆಳೆದು ಕಾದೆ. 40 ಮಿ.ಲೀ.ಯಂತೆ ಮೂರು ಬಾರಿ ಸಲೈನ್ ಬಿಟ್ಟು ತೊಳೆದಾಗ ಅರ್ಧದಷ್ಟು ಮರಳಿ ಸಿಕ್ಕಿತು, ಪ್ರಯೋಗಾಲಯಕ್ಕೆ ಅಷ್ಟು ಸಾಕು.

ಉಳಿದರ್ಧ ಒಳಗೇ ನಿಂತಿರುತ್ತದೆ ಎಂಬುದನ್ನು ಕಿರಿಯ ವೈದ್ಯರಿಗೆ ಒತ್ತಿ ಹೇಳುತ್ತೇನೆ. ಸ್ಕೋಪ್ ತೆಗೆದ ಕೂಡಲೇ ಮಾಸ್ಕ್ ಬಿಚ್ಚಬಾರದು. ಮುಂದಿನ ಕೆಲವು ಗಂಟೆ ಅದೇ ಒತ್ತಡದಲ್ಲಿಟ್ಟು ಆಮ್ಲಜನಕವನ್ನು ಹಂತಹಂತವಾಗಿ ಇಳಿಸಬೇಕು, ಕೊಳವೆ ಹಾಕುವ ಟ್ರಾಲಿ ಅಲ್ಲಿಯವರೆಗೂ ಹಾಸಿಗೆಯ ಪಕ್ಕದಲ್ಲೇ ಇರಬೇಕು. ಮರುದಿನ ಬೆಳ್ಳಿಯ ಸ್ಟೇನಿನಲ್ಲಿ (ರೋಗಾಣುವನ್ನು ಎತ್ತಿ ತೋರುವ ಬಣ್ಣದ ಪರೀಕ್ಷೆ) ನ್ಯುಮೊಸಿಸ್ಟಿಸ್ ಎಂಬ ರೋಗಾಣು ಕಂಡಿತು. ಅದಕ್ಕೆ ತಕ್ಕ ಔಷಧವಾದ ಕೋ-ಟ್ರೈಮಾಕ್ಸಜೋಲ್ ಮತ್ತು ಸ್ಟೀರಾಯ್ಡ್ ಆರಂಭಿಸಿ, ಅದುವರೆಗೆ ಕೊಡುತ್ತಿದ್ದ ಫಂಗಸ್ ಔಷಧವನ್ನು ನಿಲ್ಲಿಸಿದೆವು.